ದಣಿದಾಗಲೂ ತಲೆ ಓಡಬೇಕು: ಸಾಹಸ ಓಟಕ್ಕೆ ಒಂದು ವಾರದ ತಾಲೀಮು

(ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಾಹಸ ಓಟ ಶುರುವಾಗುವ ಮೊದಲು ಸಂಘಟಕರು ನಿಮ್ಮ ಮೊಬೈಲನ್ನು ಇಸಿದುಕೊಳ್ಳುತ್ತಾರೆ. ಇಲ್ಲವೇ ಚೀಲದಲ್ಲಿ ಹಾಕಿ ಸೀಲ್ ಮಾಡಿ ಕೊಡುತ್ತಾರೆ. ಸಾಮಾನ್ಯವಾಗಿ ಜಿಪಿಎಸ್ ಬಳಸುವಂತಿಲ್ಲ. ಕೈಯಲ್ಲಿರುವುದು ಕಾಗದದ ನಕ್ಷೆ ಮತ್ತು ದಿಕ್ಸೂಚಿ ಮಾತ್ರ. ನಕ್ಷೆಯಲ್ಲಿ ಕೆಲವು ಜಾಗಗಳನ್ನು ಗುರುತು ಮಾಡಿರುತ್ತಾರೆ. ಅವನ್ನು ಚೆಕ್‌ಪಾಯಿಂಟ್ ಅನ್ನುತ್ತೇವೆ. ನಾಲ್ಕು ಜನರ ತಂಡ ಅವನ್ನೆಲ್ಲ ಮುಟ್ಟಿ ಕೊನೆಯ ಗೆರೆ ದಾಟಬೇಕು. ನಡುವೆ ಒಂದಿಷ್ಟು ದೂರ ನಡಿಗೆ, ಒಂದಿಷ್ಟು ಓಟ, ಕಚ್ಚಾ ದಾರಿಯಲ್ಲಿ ಸೈಕಲ್, ನದಿಯಲ್ಲಿ ದೋಣಿ, ಕೆಲವೊಮ್ಮೆ ಹಗ್ಗ ಹಿಡಿದು ಬಂಡೆ ಇಳಿಯುವುದು. ಯಾವ ದಾರಿ ಹಿಡಿಯಬೇಕು ಅಂತ ಯಾರೂ ಹೇಳುವುದಿಲ್ಲ. ಗುಡ್ಡ ಹತ್ತಿ ಇಳಿಯುವುದೋ, ಸುತ್ತು ಹಾಕುವುದೋ, ನೀವೇ ನಿರ್ಧರಿಸಬೇಕು. ಸಣ್ಣ ಓಟಗಳು ಕೆಲವು ಗಂಟೆಗಳಲ್ಲಿ ಮುಗಿಯುತ್ತವೆ. ದೊಡ್ಡವು ಹಗಲು ರಾತ್ರಿ ಸೇರಿ ವಾರಕ್ಕೂ ಜಾಸ್ತಿ ನಡೆಯುತ್ತವೆ. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ನೀವು ಮಲಗಿದರೂ ಅದು ಓಡುತ್ತಲೇ ಇರುತ್ತದೆ.

ಈ ಆಟ ಬಹಳ ಹಳೆಯದೇನಲ್ಲ. 1983ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ, ಓಟ, ಸೈಕಲ್, ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಸೇರಿಸಿ ‘ಕೋಸ್ಟ್ ಟು ಕೋಸ್ಟ್’ ಓಟ ಶುರುವಾಯಿತು. 1989ರಲ್ಲಿ ಫ್ರಾನ್ಸಿನ ಪತ್ರಕರ್ತ ಜೆರಾರ್ ಫ್ಯುಸಿಲ್ ಅದೇ ನ್ಯೂಜಿಲೆಂಡಿನಲ್ಲಿ ‘ರೇಡ್ ಗೋಲ್ವಾಸ್’ ನಡೆಸಿದರು. ಗಂಡಸರು, ಹೆಂಗಸರು ಸೇರಿದ ತಂಡ, ಹಲವು ದಿನಗಳ ಹಾದಿ, ನಕ್ಷೆ ಓದುವ ಜಾಣ್ಮೆ. ಇವತ್ತಿನ ಸಾಹಸ ಓಟದ ಅಚ್ಚು ಅಲ್ಲಿಯದೇ. 1995ರಲ್ಲಿ ಅಮೆರಿಕದಲ್ಲಿ ‘ಇಕೋ-ಚಾಲೆಂಜ್’ ಬಂತು. 2019ರಲ್ಲಿ ಫಿಜಿ ದ್ವೀಪಗಳಲ್ಲಿ ಅದೇ ಓಟ ನಡೆದಾಗ ಭಾರತದ ತಂಡವೂ ಅಲ್ಲಿತ್ತು. ಡೆಹ್ರಾಡೂನಿನ ಅವಳಿ ಅಕ್ಕತಂಗಿಯರಾದ ತಾಶಿ ಮತ್ತು ನುಂಗ್ಶಿ ಮಲಿಕ್ ಆ ತಂಡದಲ್ಲಿದ್ದರು. 2013ರಲ್ಲಿ ಎವರೆಸ್ಟ್ ಹತ್ತಿದ ಮೊದಲ ಅವಳಿ ಸಹೋದರಿಯರು ಇವರೇ.

ಇಂಥ ಓಟಕ್ಕೆ ತಯಾರಾಗೋದು ಹೇಗೆ ಅಂತ ಕೇಳಿದರೆ ಬಹಳ ಜನ ಕಾಲಿನ ಕಡೆ ನೋಡುತ್ತಾರೆ. ದಿನಾ ಎಷ್ಟು ಕಿಲೋಮೀಟರ್ ಓಡಬೇಕು, ಎಂಥ ಸೈಕಲ್ ಬೇಕು ಅನ್ನುತ್ತಾರೆ. ನಾನು ಇವತ್ತು ತಲೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಉದ್ದದ ಓಟಗಳಲ್ಲಿ ಕಾಲು ಸೋಲುವ ಮೊದಲು ತಲೆ ಸೋಲುತ್ತದೆ. ದಣಿದವರು ನಕ್ಷೆಯನ್ನು ತಲೆಕೆಳಗೆ ಹಿಡಿಯುತ್ತಾರೆ. ಊಟ ಮರೆಯುತ್ತಾರೆ. ಕಾಲಲ್ಲಿ ಗುಳ್ಳೆ ಏಳುತ್ತಿದ್ದರೂ ಸುಮ್ನೆ ನಡೆಯುತ್ತಾರೆ. ಜೊತೆಗಾರರ ಮೇಲೆ ರೇಗುತ್ತಾರೆ. ಅರ್ಧ ದಿನದ ಓಟದಲ್ಲಿ ಗಳಿಸಿದ ಸಮಯವನ್ನು ಒಂದು ತಪ್ಪು ಕವಲುದಾರಿ ನುಂಗಿಬಿಡುತ್ತದೆ. ಹಾಗಾಗಿ ವಾರದ ತಾಲೀಮನ್ನು ಹೇಗೆ ಕಟ್ಟಬೇಕು ಅಂದರೆ, ಮೈ ದಣಿದಾಗಲೂ ತಲೆ ಕೆಲಸ ಮಾಡುತ್ತಿರಬೇಕು. ಓಟ, ಸೈಕಲ್, ಊಟ, ನಿದ್ದೆ, ನಕ್ಷೆ ಎಲ್ಲವನ್ನೂ ನಾನು ಆ ಲೆಕ್ಕದಲ್ಲೇ ನೋಡುತ್ತೇನೆ.

ನಮ್ಮ ವಾರ ಸೋಮವಾರ ವಿಶ್ರಾಂತಿಯಿಂದಲೇ ಶುರುವಾಗುತ್ತದೆ. ಭಾನುವಾರದ ದೊಡ್ಡ ದಣಿವನ್ನು ಮೈ ಅರಗಿಸಿಕೊಳ್ಳುವುದು ಸೋಮವಾರ. ತಾಲೀಮು ಮಾಡುವಾಗ ಮೈ ಗಟ್ಟಿಯಾಗುವುದಿಲ್ಲ, ಸವೆಯುತ್ತದೆ. ಗಟ್ಟಿಯಾಗುವುದು ಆಮೇಲೆ, ಉಂಡು ಮಲಗಿದಾಗ. ಇದನ್ನು ಹುಡುಗರಿಗೆ ಒಪ್ಪಿಸುವುದೇ ದೊಡ್ಡ ಕೆಲಸ. ಸುಮ್ಮನೆ ಕೂರುವುದು ಅವರಿಗೆ ಸೋಮಾರಿತನ ಅನಿಸುತ್ತದೆ. ಸಂಜೆ ಅರ್ಧ ತಾಸು ಸಾಧನಕೇರಿ ಕಡೆ ಅಡ್ಡಾಡಿ ಬನ್ನಿ, ಸಾಕು.

ಉಳಿದ ದಿನಗಳಲ್ಲಿ ಹೆಚ್ಚಿನ ಪಾಲು ನಿಧಾನದ ಕೆಲಸ. ನಾರ್ವೆಯಲ್ಲಿ ಕೆಲಸ ಮಾಡುವ ಸಂಶೋಧಕ ಸ್ಟೀಫನ್ ಸೈಲರ್ ದೊಡ್ಡ ದೊಡ್ಡ ಕ್ರೀಡಾಪಟುಗಳ ತಾಲೀಮನ್ನು ಗಮನಿಸಿದರು. ದೋಣಿಯವರು, ಸ್ಕೀ ಓಟದವರು, ಸೈಕಲ್‌ನವರು, ಎಲ್ಲರ ತಾಲೀಮಿನಲ್ಲೂ ಸುಮಾರು ನೂರಕ್ಕೆ 80 ಪಾಲು ಸುಲಭ ವೇಗದ್ದೇ ಇತ್ತು. ಉಳಿದ 20 ಪಾಲು ಮಾತ್ರ ಜೋರು. ನಮ್ಮ ಕಡೆ ಇದು ತಿರುಗುಮುರುಗು ನಡೆಯುತ್ತದೆ. ದಿನಾ ಏದುಸಿರು ಬರುವ ತನಕ ಓಡಿ, ಮೂರನೇ ವಾರ ಮೊಣಕಾಲು ಹಿಡಿದು ಕೂರುತ್ತಾರೆ. ದಮ್ಮು ಬೇಗ ಸುಧಾರಿಸುತ್ತದೆ, ಕೆಲವೇ ವಾರಗಳಲ್ಲಿ. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ದಮ್ಮಿನ ಮಾತು ಕೇಳಿ ದೂರ ಹೆಚ್ಚಿಸಿದರೆ ರಜ್ಜು ಕೈಕೊಡುತ್ತದೆ.

ಸುಲಭ ವೇಗ ಅಂದ್ರೆ ಎಷ್ಟು? ಯಂತ್ರ ಬೇಡ. ಓಡುತ್ತಲೇ ಒಂದು ವಚನವನ್ನು ಸಾಲು ತುಂಡಾಗದಂತೆ ಹೇಳಲು ಬಂದರೆ ವೇಗ ಸರಿ ಇದೆ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜಾಸ್ತಿ ಆಯಿತು. ಈ ನಿಧಾನದಲ್ಲಿ ಸ್ನಾಯುವಿನ ಒಳಗೆ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುತ್ತವೆ. ಮೈ ಕೊಬ್ಬನ್ನು ಚೆನ್ನಾಗಿ ಉರಿಸಲು ಕಲಿಯುತ್ತದೆ, ಸಕ್ಕರೆ ಉಳಿಯುತ್ತದೆ. ಉಳಿದ ಸಕ್ಕರೆ ಯಾರಿಗೆ ಬೇಕು ಅಂದ್ರೆ ಮೆದುಳಿಗೆ. ಸುಮ್ಮನೆ ಕೂತಿದ್ದರೂ ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ.

ಮಂಗಳವಾರ ಏರು. ಧಾರವಾಡದವರಿಗೆ ಏರಿಗೆ ಬರವಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಸುತ್ತ ಓಡಿದರೂ ಸಾಕು. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ. ಜೋರಾಗಿ ಹತ್ತಿ, ನಿಧಾನ ಇಳಿದು, ಮತ್ತೆ ಹತ್ತುವುದು. ವಾರದ ಜೋರು ಕೆಲಸ ಇಷ್ಟೇ. ಇಳಿಯುವುದನ್ನು ಮಾತ್ರ ಹಗುರವಾಗಿ ನೋಡಬೇಡಿ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಅದಕ್ಕೇ ಜಾಸ್ತಿ ಪೆಟ್ಟು ತಿನ್ನುತ್ತದೆ. ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ ಅಲ್ವಾ, ಅದು ಇದೇ. ಒಳ್ಳೆಯ ಸುದ್ದಿ ಏನಂದ್ರೆ, ಒಮ್ಮೆ ಪೆಟ್ಟು ತಿಂದ ಸ್ನಾಯು ಮುಂದಿನ ಸಲಕ್ಕೆ ತಯಾರಾಗಿಬಿಡುತ್ತದೆ.

ಬುಧವಾರ ಗರಡಿ ಮನೆ. ನಮ್ಮ ಭಾಗದಲ್ಲಿ ಇನ್ನೂ ಎಷ್ಟೋ ಊರುಗಳಲ್ಲಿ ಗರಡಿ ಇದೆ, ಪೈಲ್ವಾನರು ಇದ್ದಾರೆ. ದಂಡ, ಬಸ್ಕಿ, ಗುಂಡುಕಲ್ಲು ಎತ್ತುವುದು, ಚೀಲ ಹೊರುವುದು, ಇವನ್ನೆಲ್ಲ ಅವರಿಂದಲೇ ಕಲಿಯಬೇಕು. ಬೆನ್ನ ಮೇಲೆ ಚೀಲ ಹೊತ್ತು ಹನ್ನೆರಡು ತಾಸು ನಡೆಯುವವರಿಗೆ ಸೊಂಟ, ಬೆನ್ನು ಗಟ್ಟಿ ಇರಲೇಬೇಕು. ಸೊಂಟ ಸೋತಾಗ ಹೆಜ್ಜೆ ಎಳೆಯುತ್ತದೆ, ಹೆಜ್ಜೆ ಎಳೆದಾಗ ಕಲ್ಲಿಗೆ ಎಡವುತ್ತೀರಿ. ಉಸ್ತಾದರ ಹತ್ತಿರ ವಿನಯದಿಂದ ಹೋಗಿ ಕೇಳಿ. ಖುಷಿಯಿಂದ ಹೇಳಿಕೊಡುತ್ತಾರೆ.

ಸೈಕಲ್ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಸೈಕಲ್ ತುಳಿಯುವ ಗೆಳೆಯರ ಬಳಗ ದೊಡ್ಡದಿದೆ. ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ಉದ್ದದ ಸೈಕಲ್ ಸವಾರಿ, ಮಾಡುವವರೂ ಇದ್ದಾರೆ. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆ. ಇಷ್ಟರೊಳಗೆ ಮುಗಿಸಬೇಕು. ಒಂದೇ ಹಂಗಾಮಿನಲ್ಲಿ ನಾಲ್ಕನ್ನೂ ಮುಗಿಸಿದವರನ್ನು ಸೂಪರ್ ರ್‍ಯಾಂಡನರ್ ಅನ್ನುತ್ತಾರೆ. ಇದು ಬಹಳ ಒಳ್ಳೆಯ ಅಡಿಪಾಯ. ಆದರೆ ಡಾಂಬರು ರಸ್ತೆಯ ಸೈಕಲ್ಲೇ ಬೇರೆ, ಹೊಲದ ದಾರಿಯ ಸೈಕಲ್ಲೇ ಬೇರೆ. ಈ ವಿಷಯದಲ್ಲಿ ನಮ್ಮ ಜಿಲ್ಲೆ ಭಾಗ್ಯವಂತ. ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿಯ ಕಡೆ ಹೋದರೆ ಕೆಂಪು ಮಣ್ಣು, ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಕಪ್ಪು ಮಣ್ಣಿನ ಎರಿ ಹೊಲ, ಕಣ್ಣು ಹಾಯಿಸಿದಷ್ಟು ಬಯಲು. ಒಂದೇ ಊರಿನಿಂದ ಎರಡು ಲೋಕ.

ಎರಿ ಮಣ್ಣು ಕೊಡುವ ಪಾಠವನ್ನು ಬೇರೆ ಯಾವ ನೆಲವೂ ಕೊಡುವುದಿಲ್ಲ. ಬೇಸಿಗೆಯಲ್ಲಿ ಅದು ಬಿರಿಯುತ್ತದೆ. ಬಿರುಕಿನಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡರೆ ಸವಾರ ಬೀಳುತ್ತಾನೆ. ಮಳೆ ಬಿದ್ದರೆ ಅದರೊಳಗಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಬ್ರೇಕಿನ ಸಂದಿ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಜೋರು ತುಳಿದರೆ ಗೇರು ಮುರಿಯುತ್ತದೆ. ಇಳಿಯಬೇಕು, ಸೈಕಲ್ಲನ್ನು ಹೆಗಲಿಗೆ ಹಾಕಬೇಕು, ಬದುವಿನ ಹುಲ್ಲಿನ ಮೇಲೆ ನಡೆಯಬೇಕು. ಹೊರಡುವ ಮೊದಲೇ ಯೋಚಿಸಿದವರು ಮಳೆ ಬಂದ ಮಾರನೇ ದಿನ ಎರಿ ದಾರಿಯನ್ನು ಬಿಟ್ಟು, ಐದಾರು ಕಿಲೋಮೀಟರ್ ಸುತ್ತಾದರೂ ಖಡಿ ಹಾಕಿದ ರಸ್ತೆ ಹಿಡಿಯುತ್ತಾರೆ. ದಾರಿಯ ಆಯ್ಕೆ ಅಂದ್ರೆ ಇದೇ. ನಕ್ಷೆಯಲ್ಲಿ ಎರಡೂ ಗೆರೆ ಒಂದೇ ಥರ ಕಾಣುತ್ತವೆ. ನೆಲದ ಗುಣ ಗೊತ್ತಿದ್ದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ರೈತರ ಮಕ್ಕಳಾದ ನಿಮ್ಮಲ್ಲಿ ಎಷ್ಟೋ ಜನರಿಗೆ ಈ ಜ್ಞಾನ ಮನೆಯಿಂದಲೇ ಬಂದಿದೆ. ಅದು ಸಣ್ಣ ಆಸ್ತಿಯಲ್ಲ.

ಈಗ ನಕ್ಷೆ. ನನಗೆ ಬಹಳ ಇಷ್ಟದ ದಿನ ಇದು, ಗುರುವಾರ. ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆ, ಅಂದರೆ ಟೋಪೋಶೀಟ್, 1:50,000 ಅಳತೆಯದು ಸಿಗುತ್ತದೆ. ನಕ್ಷೆಯ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ದೀರಿ. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ನಿಧಾನದ ಏರು. ಗೆರೆಗಳು ಚೂಪಾಗಿ ಎತ್ತರದ ಕಡೆ ಬಾಗಿದ್ದರೆ ಅದು ಕೊಳ್ಳ, ತಗ್ಗಿನ ಕಡೆ ಬಾಗಿದ್ದರೆ ಅದು ಗುಡ್ಡದ ಏಣು. ಇಷ್ಟು ಗೊತ್ತಾದರೆ ಅರ್ಧ ನಕ್ಷೆ ಓದಿದ ಹಾಗೆ.

ಇದನ್ನು ಕಲಿಯಲು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ಹತ್ತಿರ ಇಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಚಾಚಿಕೊಂಡ ಗುಡ್ಡಸಾಲು. ಸಾಲು ಸಾಲು ಏಣು, ನಡುನಡುವೆ ಕೊಳ್ಳ. ಡಂಬಳದ ಕಡೆಯಿಂದ ನೋಡಿದರೆ ಎಲ್ಲ ಏಣುಗಳೂ ಒಂದೇ ಥರ ಕಾಣುತ್ತವೆ. ಎಷ್ಟನೆಯ ಕೊಳ್ಳ ದಾಟಿದಿರಿ ಅನ್ನುವ ಲೆಕ್ಕ ತಪ್ಪಿದರೆ ಬೇರೆಯೇ ಏಣಿನ ಮೇಲೆ ನಿಂತಿರುತ್ತೀರಿ. ಗಾಳಿಗುಂಡಿ ಬಸವಣ್ಣನ ಹತ್ತಿರ ನಿಂತಾಗ ಬೀಸುವ ಗಾಳಿಗೆ ನಕ್ಷೆ ಕೈಯಲ್ಲಿ ನಿಲ್ಲುವುದಿಲ್ಲ. ಅಲ್ಲೇ ಓದಲು ಕಲಿಯಬೇಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಅಭಯಾರಣ್ಯ. ತೋಳ, ಚಿರತೆ, ಕತ್ತೆಕಿರುಬ ಇರುವ ಜಾಗ. ಔಷಧಿ ಸಸ್ಯಗಳಿಗೆ ಹೆಸರಾದ ಜಾಗ. ಅದನ್ನು ಗಣಿಯಿಂದ ಉಳಿಸಿಕೊಳ್ಳಲು ಈ ಭಾಗದ ಜನ, ಮಠಗಳು, ಬರಹಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು. ಅನುಮತಿ ಇದ್ದಾಗಲೂ ಇರುವ ಕಾಲುದಾರಿಯಲ್ಲೇ ನಡೆದು ನಕ್ಷೆಗೆ ಹೊಂದಿಸಿ ನೋಡಿ. ಕಲಿಯಲು ಅಷ್ಟು ಸಾಕು.

ಬಯಲಿನಲ್ಲಿ ನಕ್ಷೆ ಇನ್ನೂ ಕಷ್ಟ. ಗುಡ್ಡ ಇಲ್ಲ, ಗುರುತು ಇಲ್ಲ. ನವಲಗುಂದದ ಕಡೆಯ ಹೊಲಗಳಲ್ಲಿ ನಿಂತು ನೋಡಿ, ನಾಲ್ಕೂ ದಿಕ್ಕು ಒಂದೇ. ಅಲ್ಲಿ ಹೆಜ್ಜೆ ಎಣಿಸಬೇಕು. ಬಲಗಾಲು ನೆಲಕ್ಕೆ ಬಿದ್ದಾಗಲೊಮ್ಮೆ ಒಂದು. ಸಾಮಾನ್ಯ ಎತ್ತರದವರಿಗೆ 100 ಮೀಟರಿಗೆ ಅರುವತ್ತೈದರ ಆಸುಪಾಸು ಬರುತ್ತದೆ. ನಿಮ್ಮದು ಎಷ್ಟು ಅಂತ ಮೈದಾನದಲ್ಲಿ ಅಳೆದಿಟ್ಟುಕೊಳ್ಳಿ. ಬೂಟಿಗೆ ಎರಿ ಮಣ್ಣು ಮೆತ್ತಿದಾಗ, ಕತ್ತಲಾದಾಗ, ದಣಿದಾಗ ಹೆಜ್ಜೆ ಚಿಕ್ಕದಾಗುತ್ತದೆ, ಎಣಿಕೆ ಏರುತ್ತದೆ. ಅದನ್ನೂ ಅಳೆಯಿರಿ.

ದಿಕ್ಸೂಚಿ ಹಿಡಿದು ನೇರ ಹೋಗುತ್ತೇನೆ ಅಂದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. 1 ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಆಚೆ ಹೋಗುತ್ತೀರಿ. 5 ಡಿಗ್ರಿ ತಪ್ಪಿದರೆ 87 ಮೀಟರ್. ರಾತ್ರಿ 87 ಮೀಟರ್ ಆಚೆ ಇರುವ ಸಣ್ಣ ಗುಡಿ ಕಾಣುತ್ತದೆಯೇ? ಅದಕ್ಕೇ ಅನುಭವಸ್ಥರು ಬೇಕಂತಲೇ ಗುರಿ ತಪ್ಪಿಸುತ್ತಾರೆ. ಬೆಣ್ಣೆಹಳ್ಳದ ದಂಡೆಯ ಮೇಲೆ ಒಂದು ಗುಡಿ ಇದೆ ಅಂತ ಇಟ್ಟುಕೊಳ್ಳಿ. ನೇರ ಗುಡಿಗೇ ಗುರಿ ಇಟ್ಟು ಹಳ್ಳ ಮುಟ್ಟಿದಾಗ ಗುಡಿ ಕಾಣದಿದ್ದರೆ, ಎಡಕ್ಕೆ ಹೋಗಬೇಕೋ ಬಲಕ್ಕೋ ಗೊತ್ತಾಗುವುದಿಲ್ಲ. ಮೊದಲೇ ಎಡಕ್ಕೆ ಗುರಿ ಇಟ್ಟು ನಡೆದರೆ, ಹಳ್ಳ ಮುಟ್ಟಿದ ಕೂಡಲೇ ಬಲಕ್ಕೆ ತಿರುಗಿದರಾಯಿತು. ಗುಡಿ ಸಿಕ್ಕೇ ಸಿಗುತ್ತದೆ. ನಡುರಾತ್ರಿಯಲ್ಲಿ ಯೋಚಿಸಬೇಕಾದ ಒಂದು ಪ್ರಶ್ನೆಯನ್ನು ಸಂಜೆಯೇ ತೀರಿಸಿಬಿಟ್ಟಿರಿ.

ಸಮಯದ ಅಂದಾಜಿಗೂ ಒಂದು ಹಳೆಯ ಸೂತ್ರ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಹೇಳಿದ್ದು. ಗಂಟೆಗೆ 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. 10 ಕಿಲೋಮೀಟರ್ ದಾರಿಯಲ್ಲಿ 300 ಮೀಟರ್ ಏರಿದ್ದರೆ ಎರಡೂವರೆ ತಾಸು. ಅದು ಸ್ಕಾಟ್ಲೆಂಡಿನ ತಂಪಿನ ಲೆಕ್ಕ. ಏಪ್ರಿಲ್ ತಿಂಗಳ ಗದಗಿನ ಬಿಸಿಲಿಗೆ ಇನ್ನಷ್ಟು ಸೇರಿಸಲೇಬೇಕು. ಬಿಸಿಲಿಗೆ ಮೈ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಮೊದಲ ದಿನವೇ ಮಧ್ಯಾಹ್ನ ಓಡಲು ಹೋಗಬೇಡಿ.

ಶುಕ್ರವಾರ ವಿಶ್ರಾಂತಿ ಮತ್ತು ಬುತ್ತಿ ಕಟ್ಟುವ ದಿನ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ ಮಾತ್ರ. ಎರಡು ಸಾವಿರ ಕ್ಯಾಲರಿ ಅನ್ನಿ. ಕೆಲವೇ ಗಂಟೆಗಳ ಗಟ್ಟಿ ಕೆಲಸಕ್ಕೆ ಅದು ಮುಗಿದುಹೋಗುತ್ತದೆ. ಹಾಗಾಗಿ ಉದ್ದದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಹೋಗುತ್ತಿರಬೇಕು. ಹಸಿವಾದಾಗ ತಿನ್ನುತ್ತೇನೆ ಅಂದರೆ ತಡವಾಗಿರುತ್ತದೆ. ನಾವು ಅರ್ಧ ತಾಸಿಗೊಮ್ಮೆ ಗಡಿಯಾರ ಕೂಗುವ ಹಾಗೆ ಇಟ್ಟುಕೊಳ್ಳುತ್ತೇವೆ. ಕೂಗಿದಾಗ ಎಲ್ಲರೂ ತಿನ್ನಬೇಕು, ಬೇಡ ಅನ್ನುವಂತಿಲ್ಲ.

ಏನು ತಿನ್ನಬೇಕು? ಅಂಗಡಿಯಲ್ಲಿ ದುಬಾರಿ ಜೆಲ್ ಸಿಗುತ್ತವೆ. ತೊಂದರೆ ಇಲ್ಲ, ಹಣ ಇದ್ದವರು ತಗೊಳ್ಳಿ. ಆದರೆ ನಮ್ಮ ಅವ್ವಂದಿರು ಕಟ್ಟುವ ಬುತ್ತಿಯನ್ನು ಒಮ್ಮೆ ನೋಡಿ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಗುರ. ಅದರ ಜೊತೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ಶೇಂಗಾ ಹೋಳಿಗೆಯಲ್ಲಿ ಬೆಲ್ಲವೂ ಇದೆ, ಎಣ್ಣೆಯ ಅಂಶವೂ ಇದೆ, ಎರಡು ಮೂರು ದಿನ ಚೀಲದಲ್ಲಿಟ್ಟರೂ ಹಾಳಾಗುವುದಿಲ್ಲ. ಒಂದೇ ಎಚ್ಚರಿಕೆ. ಕೊಬ್ಬಿನ ಅಂಶ ಜಾಸ್ತಿ ಇರುವುದು ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ. ಅದನ್ನು ನಡೆಯುವಾಗ ತಿನ್ನಿ. ಓಡುವಾಗ, ಏರು ಹತ್ತುವಾಗ ಬಾಳೆಹಣ್ಣು, ಬೆಲ್ಲ, ಖರ್ಜೂರ ಒಳ್ಳೆಯದು. ಬೆಳಗಿನ ಜಾವ ಏನೂ ಸೇರದಿದ್ದಾಗ ಒಂದು ಧಾರವಾಡ ಪೇಡೆ ಬಾಯಿಗೆ ಹಾಕಿಕೊಂಡು ನೋಡಿ. ಸಿಹಿ ಸಾಕಾದಾಗ ಖಾರದ ರೊಟ್ಟಿ. ಹೊಟ್ಟೆಗೂ ತಾಲೀಮು ಬೇಕು. ಓಟದ ದಿನ ಹೊಸದೇನನ್ನೂ ತಿನ್ನಬೇಡಿ.

ನೀರಿನ ವಿಷಯದಲ್ಲಿ ಎರಡೂ ಕಡೆ ಅಪಾಯ ಇದೆ. ಕಡಿಮೆ ಕುಡಿದರೆ ಬಿಸಿಲಿನ ಹೊಡೆತ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆ ಮಂಕಾಗುತ್ತದೆ, ಜೀವಕ್ಕೂ ಕುತ್ತು ಬರಬಹುದು. ಬಾಯಾರಿದಷ್ಟು ಕುಡಿಯಿರಿ, ಜೊತೆಗೆ ಉಪ್ಪು ಇರಲಿ. ಉಪ್ಪು ಹಾಕಿದ ಮಜ್ಜಿಗೆ ಬಹಳ ಒಳ್ಳೆಯದು. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದ ಲೆಕ್ಕ ಇದು.

ಶನಿವಾರ ರಾತ್ರಿಯ ನಡಿಗೆ. ವಾರದ ಹೃದಯ ಇದೇ. ಸಂಜೆ ಧಾರವಾಡದಿಂದ ಹೊರಟು ಅಮ್ಮಿನಭಾವಿ ಮೇಲಿನ ಸವದತ್ತಿ ರಸ್ತೆ ಹಿಡಿಯುತ್ತೇವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಹೊತ್ತಿಗೆ ಈ ದಾರಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ಜನ ಸಿಗುತ್ತಾರೆ. ಯುಗಾದಿ ಮುಂದೆ ನಮ್ಮ ಜಿಲ್ಲೆಗಳಿಂದ ಶ್ರೀಶೈಲ ಮಲ್ಲಯ್ಯನಿಗೆ ಪಾದಯಾತ್ರೆ ಹೊರಡುವವರನ್ನು ನೀವೆಲ್ಲ ನೋಡಿದ್ದೀರಿ. ನೂರಾರು ಕಿಲೋಮೀಟರ್. ಅರುವತ್ತು ದಾಟಿದ ಅಜ್ಜಂದಿರೂ ಇರುತ್ತಾರೆ. ಸಹನಶಕ್ತಿಯ ತಾಲೀಮಿಗೆ ಅವರಿಗಿಂತ ದೊಡ್ಡ ಗುರುಗಳು ನನಗೆ ಸಿಕ್ಕಿಲ್ಲ. ಅವರು ನಡೆಯುವ ರೀತಿ ನೋಡಿ. ನಸುಕಿನಲ್ಲಿ ಎದ್ದು ಹೊರಡುತ್ತಾರೆ. ಬಿಸಿಲೇರಿದಾಗ ಮರದ ನೆರಳಲ್ಲೋ ಗುಡಿಯಲ್ಲೋ ಮಲಗುತ್ತಾರೆ. ತಂಪಾದ ಮೇಲೆ ಮತ್ತೆ ನಡೆಯುತ್ತಾರೆ. ಮೊದಲ ದಿನದ ವೇಗವೂ ಕೊನೆಯ ದಿನದ ವೇಗವೂ ಒಂದೇ. ತಂಗಿದ ಕಡೆ ಮೊದಲು ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ, ಆಮೇಲೆ ಊಟ. ಆ ಕಾಲಿನ ಆರೈಕೆಯನ್ನು ನಾವು ಹಾಗೇ ತೆಗೆದುಕೊಂಡಿದ್ದೇವೆ. ಪಾದದಲ್ಲಿ ಉರಿ ಕಾಣಿಸಿದ ಕೂಡಲೇ ನಿಲ್ಲಬೇಕು. ಬೂಟು ಬಿಚ್ಚಬೇಕು, ಹರಳು ಇದ್ದರೆ ತೆಗೆಯಬೇಕು, ಒದ್ದೆ ಕಾಲುಚೀಲ ಬದಲಿಸಬೇಕು, ಉರಿಯುವ ಜಾಗಕ್ಕೆ ಪಟ್ಟಿ ಹಚ್ಚಬೇಕು. ಐದು ನಿಮಿಷ ಸಾಕು. ಗುಳ್ಳೆ ಎದ್ದು ಒಡೆದ ಮೇಲೆ ಅರ್ಧ ದಿನ ಹೋದರೂ ಸರಿಯಾಗುವುದಿಲ್ಲ.

ರಾತ್ರಿ ನಡೆಸುವುದು ನಿದ್ದೆಗೆಟ್ಟ ತಲೆಯ ಪರಿಚಯ ಮಾಡಿಸಲು. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ಕುಸಿದಿತ್ತು. 24 ಗಂಟೆ ಆದಾಗ ಅದು ಸುಮಾರು ಶೇಕಡಾ 0.10ಕ್ಕೆ ಸಮ. ನಮ್ಮ ದೇಶದಲ್ಲಿ ವಾಹನ ಓಡಿಸಲು ಇರುವ ಮಿತಿ ಶೇಕಡಾ 0.03. ಅಂದರೆ ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದರ ಹೊತ್ತಿಗೇ ಆ ಮಿತಿ ದಾಟಿದಂತೆ. ಹಾಗಾಗಿ ನಮ್ಮಲ್ಲಿ ಒಂದು ನಿಯಮ ಇದೆ. ರಾತ್ರಿಯ ತಾಲೀಮು ಮುಗಿಸಿ ಯಾರೂ ಬೈಕ್ ಮುಟ್ಟುವಂತಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗಬೇಕು.

ಸಂಜೆ ಐದಕ್ಕೆ ಎಲ್ಲರಿಗೂ ಒಂದು ನಕ್ಷೆಯ ಪ್ರಶ್ನೆ, ಒಂದು ಸಣ್ಣ ಲೆಕ್ಕ ಕೊಡುತ್ತೇವೆ. ಅದೇ ಮಟ್ಟದ ಪ್ರಶ್ನೆಯನ್ನು ಬೆಳಗಿನ ಜಾವ ಮೂರೂವರೆಗೆ ಮತ್ತೆ ಕೊಡುತ್ತೇವೆ. ತಾನು ಎಷ್ಟು ಮಂಕಾಗಿದ್ದೇನೆ ಅನ್ನುವುದು ಆಗ ಅವರಿಗೇ ಕಾಣುತ್ತದೆ. ಮೂರರಿಂದ ಐದರ ಹೊತ್ತು ಮೈಗೆ ಬಹಳ ಭಾರ. ಆ ಹೊತ್ತಿಗೆ ಮೂರು ಅಭ್ಯಾಸ ಬೇಕು. ನಕ್ಷೆ ಹಿಡಿದವರು ತಮ್ಮ ನಿರ್ಧಾರವನ್ನು ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಅದನ್ನು ನಕ್ಷೆಯಲ್ಲಿ ನೋಡಿ ಹೌದು ಅನ್ನಬೇಕು. ಇಬ್ಬರಿಗೂ ಅನುಮಾನ ಬಂದರೆ ಇಪ್ಪತ್ತು ನಿಮಿಷ ಮಲಗಬೇಕು. ಇಪ್ಪತ್ತು ನಿಮಿಷದ ನಿದ್ದೆ ತಲೆಗೆ ಎಷ್ಟು ಬೆಳಕು ಕೊಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ರಾತ್ರಿ ಅಂದಮೇಲೆ ಹಾವಿನ ಮಾತು ಹೇಳಲೇಬೇಕು. ಕೊಳಕುಮಂಡಲ ನಮ್ಮ ಹೊಲಗಳಲ್ಲಿ ಇದೆ. ಕಾಲು ಮುಚ್ಚುವ ಬೂಟು, ಬ್ಯಾಟರಿ, ನೆಲ ನೋಡಿ ಹೆಜ್ಜೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿ ಕಟ್ಟುವುದು ಯಾವುದೂ ಬೇಡ. ಕಾಲನ್ನು ಅಲ್ಲಾಡಿಸದೆ ಇಟ್ಟು, ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸಿಡಿಲಿನ ಮೋಡ ಕಂಡರೆ ಗುಡ್ಡದ ನೆತ್ತಿ ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಭಾನುವಾರ ಬೆಳಿಗ್ಗೆ ಸ್ವಲ್ಪ ಮಲಗಿ ಎದ್ದು, ನಿಧಾನವಾಗಿ ಸೈಕಲ್, ಅದಾದ ಕೂಡಲೇ ಸ್ವಲ್ಪ ಓಟ. ದಣಿದ ಕಾಲಿಗೆ ಕೆಲಸ ಬದಲಿಸುವುದನ್ನು ಕಲಿಸಲು ಇಷ್ಟು. ದೋಣಿ ಮತ್ತು ಹಗ್ಗ ಪ್ರತಿ ವಾರ ಆಗುವುದಿಲ್ಲ. ತುಂಗಭದ್ರೆಯ ದಂಡೆಯ ಹಾವೇರಿ ಗೆಳೆಯರಿಗೆ ಹರಗೋಲು ಹೊಸದಲ್ಲ, ಕಯಾಕ್ ಕಲಿಯಲು ಮಾತ್ರ ದಾಂಡೇಲಿಯ ಕಾಳಿ ನದಿಗೆ ಹೋಗಬೇಕು. ಬಂಡೆಗೆ ಬಾದಾಮಿ ಇದೆ. ಎರಡನ್ನೂ ತರಬೇತಿ ಪಡೆದವರ ಕಣ್ಣೆದುರೇ ಕಲಿಯಿರಿ. ಜೀವರಕ್ಷಕ ಜಾಕೆಟ್ ಇಲ್ಲದೆ ನೀರಿಗೆ ಇಳಿಯಬೇಡಿ, ಎಷ್ಟೇ ಈಜು ಬರಲಿ.

ತಂಡದ ಬಗ್ಗೆ ಹೇಳದೆ ಮಾತು ಮುಗಿಸಲು ಆಗುವುದಿಲ್ಲ. ನಾಲ್ವರೂ ಒಟ್ಟಿಗೇ ಇರಬೇಕು, ನಾಲ್ವರೂ ಒಟ್ಟಿಗೇ ಮುಗಿಸಬೇಕು. ಒಬ್ಬರು ಬಿಟ್ಟರೂ ತಂಡದ ಸ್ಥಾನ ಹೋಗುತ್ತದೆ. ಅಂದರೆ ತಂಡದ ವೇಗ ಅಂದ್ರೆ ಆ ಗಳಿಗೆಯಲ್ಲಿ ಎಲ್ಲರಿಗಿಂತ ದಣಿದವರ ವೇಗ. ಜೋಡೆತ್ತು ಹೂಡುವ ರೈತನಿಗೆ ಇದು ಗೊತ್ತು. ಒಂದು ಎತ್ತು ಸೋಲುತ್ತಿದ್ದರೆ ಇನ್ನೊಂದಕ್ಕೆ ಬಾರಕೋಲು ಹಾಕಿ ಏನೂ ಉಪಯೋಗವಿಲ್ಲ. ದಣಿದವರ ಚೀಲವನ್ನು ಗಟ್ಟಿ ಇರುವವರು ಹೊರಬೇಕು. ಏರಿನಲ್ಲಿ ಸೊಂಟಕ್ಕೆ ಎಳೆಯುವ ಹಗ್ಗ ಕಟ್ಟಿ ಎಳೆಯುತ್ತಾರೆ, ಜಗತ್ತಿನ ದೊಡ್ಡ ದೊಡ್ಡ ತಂಡಗಳೂ ಹೀಗೇ ಮಾಡುತ್ತವೆ. ಕಷ್ಟ ಇರುವುದು ಹೊರುವುದರಲ್ಲಲ್ಲ, ಕೊಡುವುದರಲ್ಲಿ. ನನಗೆ ಆಗುತ್ತಿಲ್ಲ, ನನ್ನ ಚೀಲ ತಗೊಳ್ರೀ ಅಂತ ಹೇಳಲು ನಮ್ಮ ಹುಡುಗರಿಗೆ ಬಾಯಿ ಬರುವುದಿಲ್ಲ. ಇದಕ್ಕೂ ತಾಲೀಮು ಮಾಡಿಸುತ್ತೇವೆ. ಶನಿವಾರದ ನಡಿಗೆಯಲ್ಲಿ ಪ್ರತಿಯೊಬ್ಬರೂ ಒಮ್ಮೆ ತಮ್ಮ ಚೀಲವನ್ನು ಬೇರೆಯವರಿಗೆ ಕೊಡಲೇಬೇಕು, ಬೇಕಿರಲಿ ಬೇಡದಿರಲಿ.

ದೊಡ್ಡ ಓಟಗಳಲ್ಲಿ ತಂಡದಲ್ಲಿ ಹೆಂಗಸರೂ ಗಂಡಸರೂ ಇರಲೇಬೇಕು ಅನ್ನುವುದು ನಿಯಮ. ಮ್ಯಾರಥಾನ್ ಓಟಗಳ ಅಧ್ಯಯನಗಳಲ್ಲಿ ಹೆಂಗಸರು ವೇಗವನ್ನು ಗಂಡಸರಿಗಿಂತ ಸಮನಾಗಿ ಕಾಯ್ದುಕೊಳ್ಳುತ್ತಾರೆ ಅಂತ ಕಂಡಿದೆ. ಶುರುವಿನಲ್ಲೇ ಹಾರಾಡಿ ಕೊನೆಗೆ ಕುಸಿಯುವುದು ಗಂಡಸರಲ್ಲೇ ಜಾಸ್ತಿ. ಆದರೆ ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ನಸುಕಿನ ಐದಕ್ಕೆ ಓಡಲು ಹೊರಡುವುದು ಇನ್ನೂ ಸುಲಭವಾಗಿಲ್ಲ. ರಸ್ತೆ ದೀಪ ಬೇಕು. ಜೊತೆ ಬೇಕು. ಮನೆಯವರ ಒಪ್ಪಿಗೆ ಬೇಕು. ಇಲ್ಲಿ ಕೂತ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ತಾಯಂದಿರನ್ನು ಒಮ್ಮೆ ತಾಲೀಮಿಗೆ ಕರೆಯಿರಿ. ಕೆಲಗೇರಿ ಕೆರೆಯ ದಂಡೆಗೋ, ಉಣಕಲ್ ಕೆರೆಗೋ ಬಂದು ಒಂದು ತಾಸು ಕೂತು ನೋಡಲಿ, ಬೇಕಾದರೆ ಜೊತೆಗೆ ನಡೆಯಲಿ. ನೋಡಿದ ಮೇಲೆ ಅವರ ಅಂಜಿಕೆ ಎಷ್ಟೋ ಇಳಿಯುತ್ತದೆ.

ಕೊನೆಗೆ ಒಬ್ಬ ತಂಗಿ ಕೇಳಿದಳು, ಸರ್, ನಮ್ಮ ಹತ್ತಿರ ಗೇರಿನ ಸೈಕಲ್ ಇಲ್ಲ, ಶುರು ಮಾಡಬಹುದೇನ್ರೀ ಅಂತ. ಮಾಡಬಹುದು. ಒಂದು ಜೊತೆ ಒಳ್ಳೆಯ ಬೂಟು, ಒಂದು ಸಾದಾ ದಿಕ್ಸೂಚಿ, ಒಂದು ಹಣೆಯ ಬ್ಯಾಟರಿ, ಒಂದು ಶಿಳ್ಳೆ. ಮೊದಲ ಮೂರು ತಿಂಗಳಿಗೆ ಇಷ್ಟು ಸಾಕು. ಸೈಕಲ್ ಮನೆಯಲ್ಲಿರುವುದೇ ಆಗಲಿ. ಬ್ರೇಕ್ ಹಿಡಿಯಬೇಕು, ಪಂಕ್ಚರ್ ತೆಗೆಯಲು ನಿಮಗೇ ಬರಬೇಕು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ ನಮ್ಮ ಕಡೆ ಇದಕ್ಕೆ ಒಳ್ಳೆಯ ಹಂಗಾಮು. ಅಷ್ಟರೊಳಗೆ ನಿಮ್ಮ ಊರಿನ ಟೋಪೋಶೀಟ್ ತರಿಸಿಕೊಳ್ಳಿ. ಮನೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಹಳ್ಳ, ಕೆರೆ, ಬಾವಿ, ಗುಡಿಗಳನ್ನು ಮೊಬೈಲ್ ಇಲ್ಲದೆ ಹುಡುಕಿ ಬನ್ನಿ. ನಿಮ್ಮ ಹತ್ತಿರ ನಕ್ಷೆ ಇಲ್ಲದಿದ್ದರೆ ಇವತ್ತು ತಂದ ಪ್ರತಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ, ಹೋಗುವಾಗ ಒಂದೊಂದು ತೆಗೆದುಕೊಳ್ಳಿ.